ಆಡು: ಆಟಕ್ಕೂ ಮಾತಿಗೂ ಒಂದೇ ಬೇರು

ಓಡು ಓಟವಾಯಿತು, ನೋಡು ನೋಟವಾಯಿತು, ಕೂಡು ಕೂಟವಾಯಿತು. ಹಾಗೆಯೇ ಆಡು ಆಟವಾಯಿತು. ಈ ಧಾತುವಿನ ಅರ್ಥಗಳ ತಳದಲ್ಲಿ ಚಲನೆಯಿದೆ. ಗಾಳಿಯಾಡುತ್ತದೆ, ಉಸಿರಾಡುತ್ತೇವೆ, ಸಡಿಲಾದ ಹಲ್ಲು ಅಲ್ಲಾಡುತ್ತದೆ. ಕರಾವಳಿಯಲ್ಲಿ "ಇವತ್ತು ಎಲ್ಲಿ ಆಟ?" ಎಂದರೆ ಯಕ್ಷಗಾನದ ವಿಚಾರ. ಇನ್ನು ನಾಲಗೆಯ ಚಲನೆಯೂ ಆಡುವುದೇ: ಆಡಿದ ಮಾತು, ಆಡುಮಾತು.

ಚೆನ್ನೈನ ಕನ್ನಡ ಮನೆಯ ಮಗುವಿಗೆ ಈ ಧಾತು ಎರಡೂ ಕಡೆ ಸಿಗುತ್ತದೆ: ಒಳಗೆ 'ಆಡು', ಬೀದಿಯಲ್ಲಿ 'ವಿಳೈಯಾಡು'. ತಮಿಳಿನಲ್ಲೂ ಸಂಭಾಷಿಸುವುದು 'ಉರೈಯಾಡು'. ಆಟ, ಮಾತುಗಳ ನಂಟನ್ನು ಎರಡು ನುಡಿಗಳೂ ಬಿಟ್ಟುಕೊಟ್ಟಿಲ್ಲ.

ಮಕ್ಕಳ ಮನಸ್ಸಿಗೆ ಮದ್ದಾಗುವ ಪ್ಲೇ ಥೆರಪಿ, ಅಂದರೆ ಆಟಚಿಕಿತ್ಸೆ, ನಿಂತಿರುವುದು ಇದೇ ನಂಟಿನ ಮೇಲೆ. ಮೆಲನಿ ಕ್ಲೈನ್, ಆನಾ ಫ್ರಾಯ್ಡ್ 1920ರ ದಶಕದಲ್ಲೇ ಮಕ್ಕಳ ಆಟವನ್ನು ಚಿಕಿತ್ಸೆಗೆ ತಂದರು. ಲಂಡನ್ನಿನ ಮಾರ್ಗರೆಟ್ ಲೋವೆನ್‌ಫೆಲ್ಡ್ ಮರಳಿನ ತಟ್ಟೆಯನ್ನೂ ಪುಟ್ಟ ಗೊಂಬೆಗಳನ್ನೂ ಮಕ್ಕಳ ಮುಂದಿಟ್ಟರು. ವರ್ಜೀನಿಯಾ ಆಕ್ಸ್‌ಲೈನ್ ಅವರ 'ಪ್ಲೇ ಥೆರಪಿ' ಪುಸ್ತಕ ಬಂದದ್ದು 1947ರಲ್ಲಿ.

ತಮ್ಮ ಹುಟ್ಟಿದ ಮೇಲೆ ಮಾತು ಕಡಿಮೆ ಮಾಡಿದ ಐದು ವರ್ಷದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. "ಯಾಕಮ್ಮ ಸಪ್ಪಗಿದ್ದೀಯ?" ಎಂದರೆ ಉತ್ತರವಿಲ್ಲ; ಹೊಟ್ಟೆಕಿಚ್ಚು, ಭಯ, ಪ್ರೀತಿ ಮೂರನ್ನೂ ಬಿಡಿಸಿ ಹೇಳುವಷ್ಟು ಮಾತು ಆ ವಯಸ್ಸಿಗೆ ಬಂದಿರುವುದಿಲ್ಲ. ಮರಳು ಸಿಕ್ಕಿದರೆ ಪಾಪು ಗೊಂಬೆಯನ್ನು ಹೂಳುತ್ತಾಳೆ, ತೆಗೆಯುತ್ತಾಳೆ, ಮತ್ತೆ ಹೂಳುತ್ತಾಳೆ. ಚಿಕಿತ್ಸಕಿ ಗದರುವುದಿಲ್ಲ, ಶಹಭಾಸ್ ಎನ್ನುವುದೂ ಇಲ್ಲ. "ಈ ಅಕ್ಕನಿಗೆ ಪಾಪು ಮೇಲೆ ತುಂಬಾ ಸಿಟ್ಟು ಬಂದಿದೆ" ಎಂದಷ್ಟೇ ಹೇಳುತ್ತಾರೆ. ಹೆಸರಿಲ್ಲದೆ ಕುದಿಯುತ್ತಿದ್ದುದಕ್ಕೆ ಹೆಸರು ಸಿಕ್ಕಿತು. ಸಿಟ್ಟು ಬಂದರೂ ತನ್ನನ್ನು ಯಾರೂ ದೂರ ಮಾಡುವುದಿಲ್ಲ ಎಂಬ ಧೈರ್ಯವೂ ಬಂತು. ತೊಳಲಾಟ, ಹೊಯ್ದಾಟ, ಗೋಳಾಟ: ಮನಸ್ಸಿನ ಸಂಕಟಗಳಿಗೂ ಕನ್ನಡ 'ಆಟ'ವನ್ನೇ ಅಂಟಿಸಿದೆ. ಒಳಗಿನ ಆ ತೊಳಲಾಟ ಇಲ್ಲಿ ಕೈಗೆ ಇಳಿಯುತ್ತದೆ.

ಇದೇ ಧಾತುವಿಗೆ 'ಆಡಿಸು' ಎಂಬ ರೂಪವೂ ಇದೆ. ಆಕ್ಸ್‌ಲೈನ್ ದಾರಿಯ ಚಿಕಿತ್ಸಕರು ಬಹುಮಟ್ಟಿಗೆ ದೂರವಿಡುವುದು ಅದನ್ನೇ. ಮಗು ಮುಂದೆ, ದೊಡ್ಡವರು ಹಿಂದೆ; ತನಗೋ ಇತರರಿಗೋ ಪೆಟ್ಟಾಗಬಾರದು ಎಂಬಂಥ ಕೆಲವೇ ಕಟ್ಟುಗಳು. ಮನೆಯಲ್ಲೂ ದಿನಕ್ಕೆ ಸ್ವಲ್ಪ ಹೊತ್ತು, ಮೊಬೈಲ್ ಪಕ್ಕಕ್ಕಿಟ್ಟು, ಪಾಠ ಹೇಳದೆ, ಮಗು ಆಡಿದಂತೆ ಜೊತೆಗೆ ಕೂರಬಹುದು. ಸಂಕಟ ವಾರಗಟ್ಟಲೆ ಉಳಿದು ಊಟ, ನಿದ್ದೆ, ಶಾಲೆ ಕೆಟ್ಟರೆ ಮಕ್ಕಳ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಲೇಬೇಕು.

ಅಲ್ಲಿ ಎದುರಾಗುವುದು 'ಆಡಿಕೊಳ್ಳು'. ಜನ ಆಡಿಕೊಳ್ಳುತ್ತಾರೆಂಬ ಅಂಜಿಕೆಯಿಂದ ಎಷ್ಟೋ ಹೆತ್ತವರು ಬಾಗಿಲವರೆಗೆ ಬಂದು ಹಿಂದಿರುಗುತ್ತಾರೆ. ಆಡಿಕೊಳ್ಳುವವರು ನಾಳೆ ಬೇರೊಂದು ಮಾತಿಗೆ ಹೋಗುತ್ತಾರೆ. ಮಗು ತನ್ನ ನೋವನ್ನು ಆಡಿ ತೋರಿಸುವ ವಯಸ್ಸು ಮಾತ್ರ ಕಾಯುವುದಿಲ್ಲ.