ತೇಲಿಬಿಟ್ಟ ಡಬ್ಬಿ ಯಾರದ್ದು?

ಇವತ್ತು ಹೇಳೋ ಇತಿಹಾಸ ರಾಜರದ್ದಲ್ಲ, ಒಂದು ಡಬ್ಬಿಯದ್ದು. ಆಕಾಶದಲ್ಲಿ ತೇಲ್ತಾ ಇರೋ ಡಬ್ಬಿ, ಒಳಗೆ ಕ್ಷುದ್ರಗ್ರಹದಿಂದ ಅಗೆದ ಅದಿರು. ನಗಬೇಡಿ. ಆ ಡಬ್ಬಿಯಿಂದ ಕದ್ದವನನ್ನ ಏನು ಮಾಡಬೇಕು ಅಂತ ತೀರ್ಮಾನಿಸೋಕೆ ಒಂದು ಕಂಪ್ಯೂಟರ್ ಆಟಕ್ಕೆ ಒಂಬತ್ತು ವರ್ಷ ಬೇಕಾಯ್ತು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1984ರಲ್ಲಿ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಅನ್ನೋ ಇಬ್ಬರು ಹುಡುಗರು ಬಿಬಿಸಿ ಮೈಕ್ರೋ ಕಂಪ್ಯೂಟರಿಗೆ 'ಎಲೀಟ್' ಅನ್ನೋ ಆಟ ಬರೆದರು. ಇಡೀ ಯಂತ್ರದ ಮೆಮೊರಿ 32 ಕೆಬಿ. ಈಗ ನಮ್ಮ ಆಫೀಸ್ ಮೇಲ್‌ನ ಸಹಿಯಲ್ಲಿರೋ ಲೋಗೋನೇ ಅದಕ್ಕಿಂತ ದೊಡ್ಡದಿರುತ್ತೆ! ಅಷ್ಟರಲ್ಲೇ ಗಣಿಗಾರಿಕೆಯೂ ಇತ್ತು. ಲೇಸರಿನಿಂದ ಕ್ಷುದ್ರಗ್ರಹ ಒಡೆದು, ಚೂರುಗಳನ್ನ ಬಾಚಿ ಹಡಗಿನ ಹೊಟ್ಟೆಗೆ ತುಂಬಬೇಕು. ಹೊಟ್ಟೆಗೆ ಹಿಡಿಸ್ತಿದ್ದದ್ದು 20 ಟನ್, ದುಡ್ಡು ಕೊಟ್ಟು ದೊಡ್ಡದು ಮಾಡಿಸಿದರೆ 35. ಯಾವುದಾದರೂ ಹಡಗು ಸಿಡಿದರೆ ಅದರ ಸರಕು ಡಬ್ಬಿಗಳಾಗಿ ತೇಲ್ತಿತ್ತು, ಎತ್ತಿಕೊಂಡವನದ್ದೇ ಮಾಲು. ಒಬ್ಬನೇ ಆಡೋ ಆಟ ನೋಡಿ, ಕೇಳೋಕೆ ಬೇರೆ ಯಾರಿದ್ದರು?

2003ರ ಮೇ 6ರಂದು ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 'ಈವ್ ಆನ್‌ಲೈನ್' ಬಿಟ್ಟಿತು. ಇಲ್ಲಿ ಎಲ್ಲರೂ ಒಂದೇ ಬ್ರಹ್ಮಾಂಡದಲ್ಲಿ. ಆರಂಭದ ಗಣಿ ಹಡಗುಗಳ ಹೊಟ್ಟೆ ತುಂಬಾ ಚಿಕ್ಕದು. ಕೆಲವೇ ನಿಮಿಷಕ್ಕೆ ತುಂಬಿಹೋಗುತ್ತೆ. ಪ್ರತಿ ಸಲ ನಿಲ್ದಾಣಕ್ಕೆ ಹೋಗಿ ಇಳಿಸಿ ಬರಬೇಕು, ಅರ್ಧ ಹೊತ್ತು ಓಡಾಟಕ್ಕೇ. ಆದರೆ ಬೇಡದ ಸರಕನ್ನ ಹೊರಗೆ ಎಸೆಯೋ ಸೌಲಭ್ಯ ಒಂದಿತ್ತು. ಎಸೆದದ್ದು ಒಂದು ಡಬ್ಬಿಯಾಗಿ ಪಕ್ಕದಲ್ಲೇ ತೇಲುತ್ತೆ. ಆ ಡಬ್ಬಿಗೆ ಹಿಡಿಸೋದು 27,500 ಘನ ಮೀಟರ್, ಅಂದರೆ ಹಡಗಿನ ಹೊಟ್ಟೆಗಿಂತ ಎಷ್ಟೋ ಪಟ್ಟು!

ಕಸ ಎಸೆಯೋಕೆ ಕೊಟ್ಟದ್ದನ್ನ ಆಟಗಾರರು ಗೋದಾಮು ಮಾಡಿಕೊಂಡರು. ಒಂದು ಚೂರು ಅದಿರು ಎಸೆದು ಡಬ್ಬಿ ಹುಟ್ಟಿಸು, ಉಳಿದದ್ದನ್ನ ಅದರೊಳಗೆ ಸುರೀತಾ ಹೋಗು, ಕೊನೆಗೆ ಗೆಳೆಯನೊಬ್ಬ ದೊಡ್ಡ ಸಾಗಣೆ ಹಡಗು ತಂದು ಎಲ್ಲಾ ಬಾಚಿಕೊಂಡು ಹೋಗಲಿ. ಅಗೆಯೋದು ಬೇರೆ, ಸಾಗಿಸೋದು ಬೇರೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಡೀಕಪ್ಲಿಂಗ್.

ಇದನ್ನ ಭೂಮಿ ಮೇಲೆ ಮಾಲ್ಕಂ ಮೆಕ್ಲೀನ್ ಅನ್ನೋ ಅಮೆರಿಕದ ಲಾರಿ ಮಾಲೀಕ ಆಗಲೇ ಮಾಡಿ ತೋರಿಸಿದ್ದ. 1956ರ ಏಪ್ರಿಲ್ 26ರಂದು ಲಾರಿಯ ಚಕ್ರದಿಂದ ಬಿಡಿಸಿದ 58 ಪೆಟ್ಟಿಗೆಗಳನ್ನ 'ಐಡಿಯಲ್ ಎಕ್ಸ್' ಹಡಗಿನಲ್ಲಿಟ್ಟು ನ್ಯೂವಾರ್ಕಿನಿಂದ ಹ್ಯೂಸ್ಟನ್‌ಗೆ ಕಳಿಸಿದ. ಆದರೆ ಮೆಕ್ಲೀನನ ಪೆಟ್ಟಿಗೆಗೆ ಬೀಗ ಇತ್ತು, ಕಾಗದಪತ್ರ ಇತ್ತು, ಬಂದರಿನಲ್ಲಿ ಕಾವಲು ಇತ್ತು. ಈವ್‌ನ ಡಬ್ಬಿಗೆ ಇವ್ಯಾವುದೂ ಇಲ್ಲ. ಎರಡು ಗಂಟೆ ಆಯ್ತೋ, ತಾನಾಗೇ ಮಾಯ. ಅದಕ್ಕೇ ಜನ ಡಬ್ಬಿಯ ಹೆಸರಿನ ಜಾಗದಲ್ಲಿ ಅದು ಹುಟ್ಟಿದ ಗಂಟೆ ಬರೆದಿಡ್ತಿದ್ದರು. ಪಾಸ್‌ವರ್ಡ್ ಇರೋ ಭದ್ರ ಡಬ್ಬಿಗಳೂ ಸಿಗ್ತಿದ್ದವು, ಅವುಗಳಲ್ಲಿ ಅತಿ ದೊಡ್ಡದಕ್ಕೇ ಹಿಡಿಸ್ತಿದ್ದದ್ದು 3,900 ಘನ ಮೀಟರ್.

ನನ್ನ ಕಥೆ 2010ರದ್ದು. ಪುಣೆಯಲ್ಲಿ ನೈಟ್ ಶಿಫ್ಟ್, ಹಗಲಲ್ಲಿ ನಿದ್ದೆ ಬಾರದೆ ಆಟ. ದಿನಾ ನಮ್ಮ ಸಮಯ ಸಂಜೆ ನಾಲ್ಕೂವರೆಗೆ ಸರ್ವರ್ ನಿಲ್ಲಿಸ್ತಿದ್ದರು, ಅಷ್ಟರೊಳಗೆ ಡಬ್ಬಿ ತುಂಬಬೇಕು. ಒಂದು ಮಧ್ಯಾಹ್ನ ಯಾರೋ ಅಪರಿಚಿತ ಬಂದು ನನ್ನ ಡಬ್ಬಿಯ ಅದಿರನ್ನೆಲ್ಲ ಎತ್ತಿ ಪಕ್ಕದಲ್ಲೇ ತನ್ನ ಡಬ್ಬಿಗೆ ಹಾಕಿಕೊಂಡ. ನೋಡಿದರೆ ಓಡಿಹೋಗಲೂ ಇಲ್ಲ, ಸುಮ್ಮನೆ ಅಲ್ಲೇ ನಿಂತಿದ್ದ. ನಂದು ತಾನೇ ಅಂತ ನಾನು ವಾಪಸ್ ತಗೊಂಡೆ. ತಗೊಂಡ ಕ್ಷಣವೇ ನಿಯಮದ ಪ್ರಕಾರ ಕಳ್ಳ ಯಾರಾದ? ನಾನು! ಅವನ ಡಬ್ಬಿಯಿಂದ ತೆಗೆದವನು ನಾನಲ್ವಾ. ಈಗ ನನ್ನನ್ನ ಹೊಡೆಯೋ ಹಕ್ಕು ಅವನದ್ದು, ಆಟದ ಪೊಲೀಸರು ಅಡ್ಡ ಬರಲ್ಲ. ಅವನದ್ದು ಯುದ್ಧದ ಹಡಗು, ನನ್ನದು ಅಗೆಯೋ ಹಡಗು. ನಾಲ್ಕು ವಾರದ ದುಡಿಮೆ ಒಂದು ನಿಮಿಷಕ್ಕೆ ಬೂದಿ. ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಅದಿರೇ ಮಾಯವಾಯ್ತು ಅಂತ ಊರಿನ ಪೇಪರಿನಲ್ಲಿ ಬಂದದ್ದೂ ಅದೇ ವರ್ಷ. ರೂಮ್‌ಮೇಟ್ ಅದನ್ನ ಓದಿ ಹೇಳಿ ಚೆನ್ನಾಗಿ ನಕ್ಕ.

ಕೋಪ ಬಂದದ್ದು ನಿಜ. ಆದರೆ ಯೋಚಿಸಿದರೆ ಅವನು ಮೋಸ ಮಾಡಿರಲಿಲ್ಲ, ನನಗಿಂತ ಚೆನ್ನಾಗಿ ನಿಯಮ ಓದಿದ್ದ. ಕೋಡ್ ಬರೆಯೋರಿಗೆ ಇದು ಗೊತ್ತಿರೋದೇ. ಡಬ್ಬಿ ಯಾರ ಹೆಸರಲ್ಲಿದೆ ಅನ್ನೋದಷ್ಟೇ ಸಿಸ್ಟಮ್‌ಗೆ ಕಾಣಿಸ್ತಿತ್ತು, ಒಳಗಿನ ಅದಿರು ಯಾರ ಬೆವರು ಅನ್ನೋದು ಕಾಣಿಸ್ತಿರಲಿಲ್ಲ.

2012ರಲ್ಲಿ ಎರಡು ಬದಲಾವಣೆ ಆಯ್ತು. ಆಗಸ್ಟಿನಲ್ಲಿ ಗಣಿ ಹಡಗುಗಳಿಗೆ ಅದಿರಿಗೆಂದೇ ದೊಡ್ಡ ಹೊಟ್ಟೆ ಕೊಟ್ಟರು, ಡಬ್ಬಿ ಎಸೆಯೋ ಅಗತ್ಯವೇ ಬಹಳ ಕಡಿಮೆ ಆಯ್ತು. ಡಿಸೆಂಬರಿನಲ್ಲಿ ಕಳ್ಳತನದ ನಿಯಮವನ್ನೂ ಬದಲಿಸಿದರು. ಆಮೇಲೆ ಬೇರೆಯವರ ಡಬ್ಬಿಗೆ ಕೈ ಹಾಕಿದವನನ್ನ ಮಾಲೀಕನೇ ಅಲ್ಲ, ಸುತ್ತ ಇರೋ ಯಾರು ಬೇಕಾದರೂ ಹೊಡೆಯಬಹುದು. ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡ ಹೊಟ್ಟೆ ಬಂದ ಮೇಲೆ ಆಟದ ರುಚಿ ಸ್ವಲ್ಪ ಕಡಿಮೆ ಆಯ್ತು. ಮೊದಲು ಸಾಗಿಸೋಕೆ ಒಬ್ಬ ಗೆಳೆಯ ಬೇಕಿತ್ತು. ಆಮೇಲೆ ಒಬ್ಬನೇ ಇದ್ದರೂ ನಡೀತಿತ್ತು.

ಇನ್ನು ನಿಜವಾದ ಆಕಾಶ. 2020ರ ಡಿಸೆಂಬರಿನಲ್ಲಿ ಜಪಾನಿನ ಹಯಬುಸಾ-2 ನೌಕೆ ಭೂಮಿಯಿಂದ ಸುಮಾರು 2,20,000 ಕಿಲೋಮೀಟರ್ ದೂರದಲ್ಲೇ ತನ್ನ ಡಬ್ಬಿಯನ್ನ ಬಿಡಿಸಿ, ತಾನು ಇನ್ನೊಂದು ಕ್ಷುದ್ರಗ್ರಹದ ಕಡೆ ಹೊರಟುಹೋಯ್ತು. ಡಬ್ಬಿ ಆಸ್ಟ್ರೇಲಿಯಾದ ಮರಳುಗಾಡಿಗೆ ಇಳೀತು, ಒಳಗೆ ರ್‍ಯುಗು ಕ್ಷುದ್ರಗ್ರಹದ 5.4 ಗ್ರಾಂ ಮಣ್ಣು. 2023ರ ಸೆಪ್ಟೆಂಬರ್ 24ರಂದು ಅಮೆರಿಕದ ಒಸೈರಿಸ್-ರೆಕ್ಸ್ ಬೆನ್ನುವಿನ ಮಣ್ಣನ್ನ ಇದೇ ಥರ ಯೂಟಾಗೆ ಇಳಿಸಿತು, 121.6 ಗ್ರಾಂ.

ಇವೆಲ್ಲ ಸರ್ಕಾರಗಳ ವಿಜ್ಞಾನದ ಡಬ್ಬಿಗಳು. ವ್ಯಾಪಾರದ ಡಬ್ಬಿ ಬಂದರೆ? 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಯಾವ ದೇಶವೂ ಆಕಾಶಕಾಯಗಳನ್ನ ತನ್ನದು ಅನ್ನೋ ಹಾಗಿಲ್ಲ. 2015ರ ಅಮೆರಿಕದ ಕಾನೂನು ಮಾತ್ರ, ತಮ್ಮ ಪ್ರಜೆ ಅಗೆದು ತಂದ ಸಂಪನ್ಮೂಲ ಅವನದ್ದೇ ಅನ್ನುತ್ತೆ. 2023ರ ಜೂನಿನಲ್ಲಿ ಭಾರತ ಸಹಿ ಹಾಕಿದ ಆರ್ಟೆಮಿಸ್ ಒಡಂಬಡಿಕೆಯಲ್ಲೂ ಅಗೆಯೋದನ್ನೇ ದೇಶವೊಂದರ ಸ್ವಾಧೀನ ಅಂತ ಪರಿಗಣಿಸಬೇಕಿಲ್ಲ ಅನ್ನೋ ಮಾತಿದೆ. ಅಗೆದದ್ದನ್ನ ಡಬ್ಬಿಗೆ ತುಂಬಿ ಹೊರಗೆ ತೇಲಿಬಿಟ್ಟು, ಗೆಳೆಯ ಬರಲಿ ಅಂತ ಕಾಯ್ತಾ ಕೂತವನ ಕಥೆ ಏನು ಅಂತ ನಾನು ಪುಣೆಯ ಆ ಮಧ್ಯಾಹ್ನದಿಂದಲೂ ಕೇಳ್ತಾ ಇದ್ದೀನಿ.