ಭದ್ರತಾ ಕ್ಯಾಮೆರಾಗಳಲ್ಲಿ ಎಚ್‌ಡಿ ಮತ್ತು ಎಸ್‌ಡಿ ಸ್ಟ್ರೀಮಿಂಗ್

ಭದ್ರತಾ ಕ್ಯಾಮೆರಾವು ಸೆರೆಹಿಡಿದ ದೃಶ್ಯವನ್ನು ರೆಕಾರ್ಡರ್, ಗಣಕಯಂತ್ರ ಅಥವಾ ಮೊಬೈಲ್ ಫೋನಿಗೆ ನಿರಂತರವಾಗಿ ಕಳುಹಿಸುವುದನ್ನು ಸ್ಟ್ರೀಮಿಂಗ್ ಎನ್ನುತ್ತಾರೆ. ಸ್ಪಷ್ಟತೆಯ ಆಧಾರದ ಮೇಲೆ ಇದರಲ್ಲಿ ಹೈ ಡೆಫಿನಿಷನ್ (ಎಚ್‌ಡಿ) ಮತ್ತು ಸ್ಟ್ಯಾಂಡರ್ಡ್ ಡೆಫಿನಿಷನ್ (ಎಸ್‌ಡಿ) ಎಂಬ ಎರಡು ಬಗೆಗಳಿವೆ. ಎಚ್‌ಡಿಯಲ್ಲಿ ವಿವರಗಳು ಹೆಚ್ಚು. ಎಸ್‌ಡಿಯಲ್ಲಿ ದತ್ತಾಂಶದ ಹೊರೆ ಕಡಿಮೆ. ಇವುಗಳ ನಡುವಿನ ಆಯ್ಕೆಯು ಕ್ಯಾಮೆರಾದ ಉದ್ದೇಶ, ಅಂತರಜಾಲದ ವೇಗ ಮತ್ತು ಸಂಗ್ರಹಣಾ ಸಾಮರ್ಥ್ಯಗಳನ್ನು ಅವಲಂಬಿಸಿರುತ್ತದೆ.

ಸ್ಪಷ್ಟತೆ ಮತ್ತು ಗುರುತಿಸುವಿಕೆ

ಡಿಜಿಟಲ್ ಚಿತ್ರವು ಪಿಕ್ಸೆಲ್ ಎಂಬ ಬಿಂದುಗಳಿಂದ ರಚಿತವಾಗಿರುತ್ತದೆ. ಪಾಲ್ ಪದ್ಧತಿಯ ಎಸ್‌ಡಿ ಚಿತ್ರದಲ್ಲಿ 720×576 ಪಿಕ್ಸೆಲ್‌ಗಳಿದ್ದರೆ, 1080ಪಿ ಎಚ್‌ಡಿ ಚಿತ್ರದಲ್ಲಿ 1920×1080, ಅಂದರೆ ಅದರ ಐದು ಪಟ್ಟು ಪಿಕ್ಸೆಲ್‌ಗಳಿರುತ್ತವೆ. ಐಇಸಿ 62676-4 ಮಾನಕದ 2014ರ ಆವೃತ್ತಿಯಂತೆ, ಅಪರಿಚಿತ ವ್ಯಕ್ತಿಯ ಗುರುತನ್ನು ಖಚಿತಪಡಿಸಲು ದೃಶ್ಯದ ಪ್ರತಿ ಮೀಟರ್‌ಗೆ 250 ಪಿಕ್ಸೆಲ್‌ಗಳು ಅಗತ್ಯ. ಪರಿಚಿತರನ್ನು ಗುರುತಿಸಲು 125, ಯಾರೋ ಇದ್ದಾರೆಂಬುದನ್ನು ತಿಳಿಯಲು 25 ಸಾಕು. ಈ ಲೆಕ್ಕದಲ್ಲಿ ಅಪರಿಚಿತನ ಗುರುತು ಹಿಡಿಯಲು ಎಚ್‌ಡಿ ಕ್ಯಾಮೆರಾ ಸುಮಾರು 7.7 ಮೀಟರ್ ಅಗಲದ ಜಾಗಕ್ಕೆ ಸಾಕಾಗುತ್ತದೆ. ಎಸ್‌ಡಿ ಕ್ಯಾಮೆರಾ 2.9 ಮೀಟರ್ ಅಗಲಕ್ಕೆ ಮಾತ್ರ.

ದತ್ತಾಂಶ ಮತ್ತು ಸಂಗ್ರಹಣೆ

ಸೆಕೆಂಡಿಗೆ 4 ಮೆಗಾಬಿಟ್ ದರದ ಎಚ್‌ಡಿ ದೃಶ್ಯಕ್ಕೆ ದಿನವೊಂದಕ್ಕೆ ಸುಮಾರು 43 ಗಿಗಾಬೈಟ್ ಸ್ಥಳ ಬೇಕು. 512 ಕಿಲೋಬಿಟ್ ದರದ ಎಸ್‌ಡಿ ದೃಶ್ಯಕ್ಕೆ ಸುಮಾರು 5.5 ಗಿಗಾಬೈಟ್ ಸಾಕು. ಹೀಗಾಗಿ 1 ಟೆರಾಬೈಟ್ ಡಿಸ್ಕ್ ಒಂದು ಎಚ್‌ಡಿ ಕ್ಯಾಮೆರಾದ 23 ದಿನಗಳ, ಅಥವಾ ಒಂದು ಎಸ್‌ಡಿ ಕ್ಯಾಮೆರಾದ ಸುಮಾರು 180 ದಿನಗಳ ದೃಶ್ಯವನ್ನು ಹಿಡಿಯುತ್ತದೆ. ಎಚ್.264 ವಿಧಾನಕ್ಕೆ ಬದಲಾಗಿ ಎಚ್.265 ಸಂಕುಚನ ವಿಧಾನವನ್ನು ಬಳಸಿದರೆ ಈ ಹೊರೆಯು ಗಣನೀಯವಾಗಿ ತಗ್ಗುತ್ತದೆ.

ಎಷ್ಟು ಕಾಲ ಕಾಪಾಡಬೇಕೆಂಬುದೂ ಮುಖ್ಯ. ಭಾರತದ ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ, ಪೊಲೀಸ್ ಠಾಣೆಗಳ ಸಿಸಿಟಿವಿ ದೃಶ್ಯಗಳನ್ನು 18 ತಿಂಗಳು, ಅದು ಸಾಧ್ಯವಾಗದಿದ್ದಲ್ಲಿ ಕನಿಷ್ಠ ಒಂದು ವರ್ಷ ಉಳಿಸಬೇಕೆಂದು ನಿರ್ದೇಶಿಸಿತು. ಮೇಲಿನ ಎಚ್‌ಡಿ ದರದಲ್ಲಿ ಒಂದು ಕ್ಯಾಮೆರಾದ ಒಂದು ವರ್ಷದ ದೃಶ್ಯಕ್ಕೇ ಸುಮಾರು 16 ಟೆರಾಬೈಟ್ ಬೇಕಾಗುತ್ತದೆ.

ಎರಡು ಸ್ಟ್ರೀಮ್‌ಗಳ ಪದ್ಧತಿ

ಇಂದಿನ ಅನೇಕ ಕ್ಯಾಮೆರಾಗಳು ಏಕಕಾಲದಲ್ಲಿ ಎರಡು ಸ್ಟ್ರೀಮ್‌ಗಳನ್ನು ಕಳುಹಿಸಬಲ್ಲವು. ಎಚ್‌ಡಿಯ ಮುಖ್ಯ ಸ್ಟ್ರೀಮ್ ಸ್ಥಳೀಯ ರೆಕಾರ್ಡರ್‌ನಲ್ಲಿ ದಾಖಲಾಗುತ್ತದೆ. ಎಸ್‌ಡಿಯ ಉಪ ಸ್ಟ್ರೀಮ್ ಮೊಬೈಲಿನಲ್ಲಿ ದೂರದಿಂದ ನೋಡಲು ಅಥವಾ ಒಂದೇ ಪರದೆಯಲ್ಲಿ ಹಲವು ಕ್ಯಾಮೆರಾಗಳನ್ನು ವೀಕ್ಷಿಸಲು ಬಳಕೆಯಾಗುತ್ತದೆ. ಇದರಿಂದ ಅಂತರಜಾಲದ ಅಪ್‌ಲೋಡ್ ವೇಗ ಕಡಿಮೆಯಿದ್ದರೂ ದಾಖಲೆಯ ಗುಣಮಟ್ಟ ಕುಂದುವುದಿಲ್ಲ. ನೋಡುವುದು ಎಸ್‌ಡಿಯಲ್ಲಾದರೂ ದಾಖಲಿಸುವುದು ಎಚ್‌ಡಿಯಲ್ಲಿರುವುದು ಲೇಸು. ಕಳ್ಳತನವಾದ ಬಳಿಕ ಎಸ್‌ಡಿ ಚಿತ್ರವನ್ನು ಹಿಗ್ಗಿಸಿದರೆ ಬಿಂದುಗಳು ದೊಡ್ಡದಾಗುತ್ತವೆಯೇ ಹೊರತು, ದಾಖಲಾಗದ ಮುಖಚಹರೆ ಅಥವಾ ವಾಹನದ ಸಂಖ್ಯೆ ಮೂಡಿಬರುವುದಿಲ್ಲ.

ಮಿತಿಗಳು

ಎಚ್‌ಡಿ ಎಂಬುದೊಂದೇ ಸ್ಪಷ್ಟ ಚಿತ್ರದ ಭರವಸೆಯಲ್ಲ. ಮಂದ ಬೆಳಕು, ಎದುರು ಬೆಳಕು, ಧೂಳು ಹಿಡಿದ ಮಸೂರ ಮತ್ತು ಅತಿಯಾದ ಸಂಕುಚನಗಳು ಎಚ್‌ಡಿ ದೃಶ್ಯವನ್ನೂ ಮಸುಕಾಗಿಸುತ್ತವೆ.