ಅಪಾಯಕಾರಿ ರಾಸಾಯನಿಕವಿರುವ ಕಾರ್ಖಾನೆ: ತುರ್ತು ಯೋಜನೆ ಕೇಳಿ ನೋಡಿ

2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಗೆ ಬೆಂಕಿ ಬಿದ್ದಾಗ ಸತ್ತವರಲ್ಲಿ ಅನೇಕರು ಗಡಿಯಾಚೆಯ ತಮಿಳುನಾಡಿನಿಂದ ದುಡಿಯಲು ಬಂದವರು. ಹೊಸೂರಿನ ಸದಸ್ಯರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಬೇರೆ ಭಾಷೆಯ ಫಲಕಗಳ ನಡುವೆ ದುಡಿಯುವವರು ನಮ್ಮಲ್ಲೂ ಬಹಳ. ಆದ್ದರಿಂದ ಈ ಟಿಪ್ಪಣಿ.

ಭೋಪಾಲ ದುರಂತದ ನಂತರ ಬಂದ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ದೇಶಕ್ಕೆಲ್ಲ ಒಂದೇ. ಕ್ಲೋರಿನ್ 10 ಟನ್, ಅಮೋನಿಯಾ 60 ಟನ್ ಅಥವಾ ಅದಕ್ಕಿಂತ ಹೆಚ್ಚು ದಾಸ್ತಾನಿದ್ದರೆ ಮಾಲೀಕರು ಆವರಣದೊಳಗಿನ ತುರ್ತು ಯೋಜನೆ ಬರೆದಿಡಬೇಕು. ಹೊಣೆ ಯಾರದೆಂದು ಹೆಸರು ಸಮೇತ ಅದರಲ್ಲಿರಬೇಕು. ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ಕಡ್ಡಾಯ. ಅಪಾಯವೇನು, ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಸುತ್ತಲಿನ ಜನರಿಗೂ ತಿಳಿಸಬೇಕು. ಆವರಣದ ಹೊರಗಿನ ಯೋಜನೆ ಜಿಲ್ಲಾಡಳಿತದ್ದು; 1996ರ ನಿಯಮದಂತೆ ಜಿಲ್ಲಾ ಬಿಕ್ಕಟ್ಟು ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು.

ಸಣ್ಣ ಐಸ್ ಫ್ಯಾಕ್ಟರಿ, ಕೋಲ್ಡ್ ಸ್ಟೋರೇಜ್, ಊರಿನ ನೀರು ಶುದ್ಧೀಕರಣ ಘಟಕಗಳಲ್ಲಿ ಸಾಮಾನ್ಯವಾಗಿ ಇಷ್ಟು ದಾಸ್ತಾನು ಇರುವುದಿಲ್ಲ. ಹಾಗೆಂದು ಸೋರಿಕೆ ಬಿಡುತ್ತದೆಯೇ? ಕ್ಲೋರಿನ್ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಗೆ ಅಡ್ಡವಾಗಿ, ಎತ್ತರದ ಕಡೆಗೆ ನಡೆಯಬೇಕು. ಗಾಳಿ ಸಾಗುವ ದಿಕ್ಕಿನಲ್ಲೇ ಓಡಿದರೆ ಅನಿಲವೂ ಜೊತೆಗೇ ಬರುತ್ತದೆ. ಗಾಳಿಯ ದಿಕ್ಕು ತೋರಿಸುವ ಬಟ್ಟೆಚೀಲ ನಿಮ್ಮ ಕಾರ್ಖಾನೆಯ ಮೇಲೆ ಹಾರುತ್ತಿದೆಯೇ, ನಾಳೆಯೇ ತಲೆಯೆತ್ತಿ ನೋಡಿ.

ಸೈರನ್ನಿನ ಅರ್ಥ, ಸೇರಬೇಕಾದ ಜಾಗ, ಕರೆಯಬೇಕಾದ ವ್ಯಕ್ತಿ ಈ ಮೂರನ್ನಾದರೂ ಕನ್ನಡದಲ್ಲಿ ಹಾಕಿಸಿರೆಂದು ಬರವಣಿಗೆಯಲ್ಲೇ ಕೇಳಿ. ಅನುವಾದಕ್ಕೆ ಜನವಿಲ್ಲ ಎಂದರೆ ಸಂಘಕ್ಕೆ ತಿಳಿಸಿ, ನಾವು ಮಾಡಿಕೊಡುತ್ತೇವೆ.